ಎಂಟು ಚೌಕದ ಬಾಗಿಲು

ಕಂಟೋನ್ಮೆಂಟಿನ ಹಳೇ ಬಂಗಲೆ ಕೆಡವಿದಾಗ
ಗುಜರಿಯಿಂದ ಕೈಗಾಡಿ ಏರಿ ಬಂದ ಬಾಗಿಲು ಅದು,
ಸಾಗವಾನಿ, ಎಂಟು ಚೌಕ, ಎಂಟು ಗಾಜು.
ಪಡಸಾಲೆಗೂ ಒಳಮನೆಗೂ ನಡುವೆ ನಿಲ್ಲಿಸಿದರೆ
ಚೌಕಟ್ಟಿಗಿಂತ ಎರಡು ಬೆರಳು ಗಿಡ್ಡ;
ಕೆಳಗಿನ ಸಂದಿಯಲ್ಲಿ ಇವತ್ತಿಗೂ ಒಂದು ಇಲಿ ಓಡಾಡುತ್ತದೆ,
ಬಾಡಿಗೆ ಕಟ್ಟುವವರ ಗತ್ತಿನಲ್ಲಿ.

ಪಡಸಾಲೆಯಲ್ಲಿ ನಾಲ್ಕು ಮಷಿನ್ನು,
ಜೀನ್ಸಿನ ಕಾಲು, ಜೀನ್ಸಿನ ಸೊಂಟ.
ಒಳಗೆ ನಾನು, ಅತ್ತೆ,
ಹೊಲಿದು ಬಂದ ಪ್ಯಾಂಟಿನ ದಾರದ ಕುಡಿ ಕತ್ತರಿಸುತ್ತ.
ಒಂದಕ್ಕೆ ಒಂದೂವರೆ ರೂಪಾಯಿ,
ಮನೆಯವರಿಗಾದರೆ ಅದೂ ಇಲ್ಲ.

ಗಾಜಿನಲ್ಲಿ ಗುಳ್ಳೆಗಳಿದ್ದವು.
ಅದರ ಹಿಂದೆ ಎರ್ರಿಸ್ವಾಮಿ ನಡೆದರೆ
ಭುಜ ಒಮ್ಮೆ ಉಬ್ಬಿ ಒಮ್ಮೆ ತಗ್ಗುತ್ತಿತ್ತು,
ನೀರಿದ್ದ ವರ್ಷ ಹಗರಿಯಲ್ಲಿ ನಿಂತವನ ಕಾಲಿನಂತೆ.
ಮಧ್ಯಾಹ್ನ ಬೀದಿಯ ಬಿಸಿಲು
ಮಷಿನ್ನು ದಾಟಿ, ಗಾಜು ದಾಟಿ
ನನ್ನ ಮಡಿಲಿಗೆ ಬರುವಷ್ಟರಲ್ಲಿ
ಅರ್ಧ ನೀಲಿ, ಅರ್ಧ ಕೆಂಪು.
ನೂಲಿನ ಧೂಳು ನಮ್ಮದು, ಗಣಿಯ ಧೂಳು ಊರಿನದು.
ಆ ಬೆಳಕಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದೆ.

ಗಿರಾಕಿಗಳು ಕನ್ನಡಿ ಕೇಳತೊಡಗಿದರು.
‘ಬಾಗಿಲಿಗೇ ಕೂಡಿಸಿಬಿಡು’ ಅಂದವನು ದಾದಾಪೀರ್,
ಬ್ರೂಸ್‌ಪೇಟೆಯಲ್ಲಿ ಎಲ್ಲಮ್ಮನ ಪಟಕ್ಕೂ ಮೆಕ್ಕಾದ ಪಟಕ್ಕೂ
ಒಂದೇ ವಜ್ರದಲ್ಲಿ ಗಾಜು ಕೊಯ್ಯುವವನು.
ಪಟ್ಟಿ ಬಿಚ್ಚಿದ. ಹಳೇ ಗಾಜು ಒಂದೊಂದೇ ಇಳಿಸಿ
ಗೋಣಿಯಲ್ಲಿ ಸುತ್ತಿಕೊಂಡು ಹೋದ.
ಮರುದಿನದವರೆಗೆ ಬಾಗಿಲಲ್ಲಿ ಏನೂ ಇರಲಿಲ್ಲ.
ಎಂಟು ತೂತು. ಎರ್ರಿಸ್ವಾಮಿ ಒಂದರಲ್ಲಿ ಕೈ ಹಾಕಿ
‘ಚಾ’ ಅಂದ. ಇನ್ನೊಂದರಿಂದ ಲೋಟ ಕೊಟ್ಟೆ.
ಮದುವೆಯಾದ ಹನ್ನೊಂದನೇ ವರ್ಷಕ್ಕೆ
ಇಬ್ಬರೂ ನಕ್ಕೆವು. ಅತ್ತೆ ಕೆಮ್ಮಿದಳು.

ಆಮೇಲೆ ಕನ್ನಡಿಗಳು ಕೂತವು.
ಕನ್ನಡಿಗೆ ಒಂದೇ ಮುಖ, ಅದು ಅವರ ಕಡೆ.
ನಮ್ಮ ಕಡೆ ಬೆನ್ನು:
ಜಾಜಿನ ಬಣ್ಣ, ಮೂಲೆಯಲ್ಲಿ ತಲೆಕೆಳಗಾಗಿ ಕಂಪನಿಯ ಮುದ್ರೆ.
ಮಧ್ಯಾಹ್ನ ಎರಡಕ್ಕೆ ಲೈಟು ಹಾಕಿದೆ.
‘ಯಾಕೆ ಮೀಟರು ಓಡಿಸ್ತಿ?’ ಆಚೆಯಿಂದ ಕೂಗು.
‘ಕಾಣವಲ್ದು.’
‘ನಿನಗೇನು ಕಾಣಬೇಕಾಗೈತೆ?’
ಕೆಟ್ಟವನಲ್ಲ ಅವನು. ಆ ಮಾತನ್ನೂ
ಹಲ್ಲಲ್ಲಿ ದಾರ ಕಚ್ಚಿಕೊಂಡೇ ಆಡಿದ.

ಯಾರೂ ಇಲ್ಲದ ಹೊತ್ತು ಆಚೆ ಹೋಗಿ ನಿಂತೆ.
ಹಣೆ ಒಂದು ಚೌಕದಲ್ಲಿ, ಬಾಯಿ ಇನ್ನೊಂದರಲ್ಲಿ,
ಮೂಗಿನ ಮೇಲೆ ಸಾಗವಾನಿ ಪಟ್ಟಿ.
ಯಾವ ಕಡೆ ಸರಿದರೂ ಎಲ್ಲೋ ಒಂದಿಷ್ಟು ನಾನಿಲ್ಲ.
ಇದಕ್ಕೆ ಎರಡು ಸಾವಿರದ ನಾನೂರು.

ಸೂಜಿಯಲ್ಲಿ ಆಗಲಿಲ್ಲ. ಕತ್ತರಿಯ ತುದಿಯಲ್ಲಿ
ಮೂರನೇ ಚೌಕದ ಬೆನ್ನು ಕೆರೆದೆ,
ದಿನಕ್ಕಿಷ್ಟು, ಎರಡು ಪ್ಯಾಂಟಿನ ನಡುವೆ.
ಮೊದಲು ಜಾಜು ಉದುರಿತು, ಆಮೇಲೆ ತಾಮ್ರದಂಥದ್ದೊಂದು,
ಆಮೇಲೆ ಬೆಳ್ಳಿ, ಉಗುರಿಗೆ ಅಂಟುವಷ್ಟೇ.
ಅದರಾಚೆ ಗಾಜು.
ಗುಳ್ಳೆ ಇಲ್ಲದ, ಗುರುತಿಲ್ಲದ ಹೊಸ ಗಾಜು.

ಎಂಟಾಣೆಯಗಲ ಬೆಳಕು ಬಂತು.
ಅತ್ತೆ ಎಲ್ಲ ನೋಡುತ್ತಿದ್ದಳು. ಎರಡು ದಿನ ಬಿಟ್ಟು
ಚಾಪೆಯನ್ನು ಬಾಗಿಲ ಹತ್ತಿರ ಎಳೆದುಕೊಂಡು
‘ಕೂತವರ ಎತ್ತರಕ್ಕೂ ಒಂದು ಮಾಡವ್ವ’ ಅಂದಳು.

ನಿನ್ನೆ ಒಬ್ಬ ಹುಡುಗ, ಸಿರುಗುಪ್ಪದ ಕಡೆಯವನು,
ಹೊಸ ಪ್ಯಾಂಟಿನಲ್ಲಿ ತಿರುತಿರುಗಿ ನೋಡಿಕೊಂಡ.
ಹಿಂದೆ ಸರಿದ, ಹೊಟ್ಟೆ ಎಳೆದುಕೊಂಡ, ಹತ್ತಿರ ಬಂದ.
ಅವನ ಅಂಗಿಯ ಎರಡನೇ ಗುಂಡಿಯ ಜಾಗದಲ್ಲಿ
ನನ್ನ ಕಣ್ಣು.

ಎರ್ರಿಸ್ವಾಮಿಯನ್ನು ಕರೆಯಲಿಲ್ಲ ಹುಡುಗ.
ಬಗ್ಗಿ, ಕಾಲು ತೋರಿಸಿ, ಮೆಲ್ಲಗೆ ಕೇಳಿದ:
‘ಉದ್ದ ಸರಿ ಐತೇನ್ರಿ?’

ಎಡಗಾಲು ಅರ್ಧ ಇಂಚು ಜಾಸ್ತಿ ಇತ್ತು.
ಹೇಳಿದೆ.